ಮೇಲ್ಹೊಟ್ಟೆ ನೋವು: ಗ್ಯಾಸ್ ಎಂದು ಸುಮ್ಮನಾಗುವ ಮುಂಚೆ

2025ರ ಜೂನ್, ಜುಲೈ ತಿಂಗಳಲ್ಲಿ ಹಾಸನ ಜಿಲ್ಲೆಯಿಂದ ಹೃದಯಾಘಾತದ ಸುದ್ದಿಗಳು ಒಂದರ ಹಿಂದೆ ಒಂದು ಬಂದವು. ಮೈಸೂರಿನ ಹೃದ್ರೋಗ ಆಸ್ಪತ್ರೆಯ ಮುಂದೆ ಜನ ಸಾಲುಗಟ್ಟಿ ನಿಂತರು. ಆ ಹೆದರಿಕೆ ನಮ್ಮ ವಿಜಯಪುರ, ಬಾಗಲಕೋಟೆ ಕಡೆಗೂ ಬಂತು. ಎದೆಯ ಕೆಳಗೆ ಒಂಚೂರು ಉರಿದರೂ ಈಗ ಕೆಲವರಿಗೆ ರಾತ್ರಿ ನಿದ್ದೆ ಬರುವುದಿಲ್ಲ. ಇನ್ನು ಕೆಲವರು ಮೈಯೆಲ್ಲ ಬೆವೆತರೂ “ಏನಿಲ್ರೀ, ಗ್ಯಾಸ್ ಆಗೈತಿ” ಎಂದು ಸೋಡಾ ಕುಡಿದು ಮಲಗುತ್ತಾರೆ. ನನಗೆ ಜಾಸ್ತಿ ಚಿಂತೆ ಇರುವುದು ಈ ಎರಡನೆಯವರ ಬಗ್ಗೆ.

ಮೇಲ್ಹೊಟ್ಟೆಯ ನೋವಿಗೆ ಹತ್ತಾರು ಕಾರಣಗಳಿವೆ. ಹೆಚ್ಚಿನವು ಸಣ್ಣವು, ಗುಣವಾಗುವಂಥವು. ಕೆಲವು ಮಾತ್ರ ಗಂಟೆಗಳ ಲೆಕ್ಕದಲ್ಲಿ ಜೀವಕ್ಕೆ ಕುತ್ತು ತರುತ್ತವೆ. ನೋವು ಎಲ್ಲಿದೆ, ಯಾವಾಗ ಬರುತ್ತದೆ, ಅದರ ಜೊತೆ ಇನ್ನೇನಿದೆ ಎಂದು ಗಮನಿಸಿದರೆ ಎಷ್ಟೋ ವಿಷಯ ತಿಳಿಯುತ್ತದೆ.

ಆ ಜಾಗದಲ್ಲಿ ಏನೇನಿದೆ?

ಎದೆಮೂಳೆ ಮುಗಿಯುವ ಕಡೆಯಿಂದ ಹೊಕ್ಕುಳದವರೆಗಿನ ಭಾಗವೇ ಮೇಲ್ಹೊಟ್ಟೆ. ಬಲಗಡೆ ಪಕ್ಕೆಲುಬಿನ ಒಳಗೆ ಲಿವರ್ ಇದೆ. ಅದರ ಅಡಿಗೆ ಅಂಟಿಕೊಂಡು ಪಿತ್ತಕೋಶ ಇದೆ. ನಡುವೆ ಮತ್ತು ಎಡಕ್ಕೆ ಜಠರ, ಅಂದರೆ ಉಂಡ ಅನ್ನ ಮೊದಲು ಹೋಗಿ ನಿಲ್ಲುವ ಚೀಲ. ಜಠರದ ಹಿಂದೆ, ಬೆನ್ನುಮೂಳೆಗೆ ಹತ್ತಿರದಲ್ಲಿ ಪ್ಯಾಂಕ್ರಿಯಾಸ್ ಇದೆ. ಪುಸ್ತಕದಲ್ಲಿ ಇದನ್ನೇ ಮೇದೋಜೀರಕ ಗ್ರಂಥಿ ಎನ್ನುತ್ತಾರೆ. ಎಡಗಡೆಯ ಮೂಲೆಯಲ್ಲಿ ಗುಲ್ಮ. ಇವೆಲ್ಲದರ ಮೇಲೆ ಎದೆ ಮತ್ತು ಹೊಟ್ಟೆಯನ್ನು ಬೇರ್ಪಡಿಸುವ ತೆಳುವಾದ ಸ್ನಾಯು ಇದೆ, ಅದರ ಹೆಸರು ವಪೆ. ಹೃದಯ ಕೂತಿರುವುದು ಈ ವಪೆಯ ಮೇಲೆಯೇ. ಹೃದಯದ ತಳಕ್ಕೂ ಜಠರಕ್ಕೂ ನಡುವೆ ಇರುವ ಅಂತರ ಅಷ್ಟು ಕಡಿಮೆ.

ಚರ್ಮಕ್ಕೆ ಮುಳ್ಳು ಚುಚ್ಚಿದರೆ ಇಲ್ಲೇ ಎಂದು ಬೆರಳಿಟ್ಟು ತೋರಿಸುತ್ತೇವೆ. ಹೊಟ್ಟೆಯ ಒಳಗಿನ ಅಂಗಗಳ ನೋವು ಹಾಗಲ್ಲ. ಅಲ್ಲಿ ನೋವಿನ ನರಗಳು ಕಡಿಮೆ. ಅದೂ ಅಲ್ಲದೆ, ಬೇರೆ ಬೇರೆ ಅಂಗಗಳ ನರಗಳು ಬೆನ್ನುಹುರಿಯ ಒಂದೇ ಭಾಗಕ್ಕೆ ಬಂದು ಸೇರುತ್ತವೆ. ನೋವಿದೆ ಎಂಬುದು ಮೆದುಳಿಗೆ ಗೊತ್ತಾಗುತ್ತದೆ, ಯಾವ ಅಂಗದ್ದು ಎಂಬುದು ಸರಿಯಾಗಿ ಗೊತ್ತಾಗುವುದಿಲ್ಲ. ಅದಕ್ಕೇ ಪಿತ್ತಕೋಶದ ನೋವು ಬಲ ಹೆಗಲಿನಲ್ಲಿ ಕಾಣಿಸಿಕೊಳ್ಳಬಹುದು, ಹೃದಯದ ನೋವು ಹೊಟ್ಟೆಯಲ್ಲಿ ಕಾಣಿಸಿಕೊಳ್ಳಬಹುದು. ಅಪೆಂಡಿಕ್ಸ್ ಇರುವುದು ಬಲಗಡೆ ಕೆಳಹೊಟ್ಟೆಯಲ್ಲಿ. ಆದರೂ ಅದರ ನೋವು ಎಷ್ಟೋ ಸಲ ಹೊಕ್ಕುಳದ ಸುತ್ತ ಅಥವಾ ಅದಕ್ಕಿಂತ ಮೇಲೆ ಶುರುವಾಗಿ, ಕೆಲವು ಗಂಟೆಗಳ ಮೇಲೆ ಕೆಳಗೆ ಇಳಿಯುತ್ತದೆ.

ಹೊಟ್ಟೆ ಉರಿ, ಹುಳಿ ತೇಗು, ಹುಣ್ಣು

ಎಲ್ಲಕ್ಕಿಂತ ಸಾಮಾನ್ಯವಾದ ಕಾರಣ ಅಜೀರ್ಣ. ಊಟ ಆದ ಮೇಲೆ ಹೊಟ್ಟೆ ಭಾರ, ಉಬ್ಬರ, ಎರಡು ತುತ್ತಿಗೇ ಹೊಟ್ಟೆ ತುಂಬಿದ ಹಾಗೆ ಅನ್ನಿಸುವುದು, ಎದೆಗುಳಿಯಲ್ಲಿ ಉರಿ. ಇಂಥವರಲ್ಲಿ ಬಹಳ ಜನರಿಗೆ ಎಂಡೋಸ್ಕೋಪಿ, ಅಂದರೆ ಬಾಯಿಂದ ಕ್ಯಾಮೆರಾ ಇರುವ ಸಣ್ಣ ನಳಿಗೆ ಇಳಿಸಿ ನೋಡುವ ಪರೀಕ್ಷೆ, ಮಾಡಿದರೂ ಒಳಗೆ ಏನೂ ಕಾಣಿಸುವುದಿಲ್ಲ. ಹಾಗಂತ ನೋವು ಸುಳ್ಳಲ್ಲ. ಜಠರದ ಚಲನೆ ನಿಧಾನವಾಗಿರುತ್ತದೆ, ಇಲ್ಲವೇ ಅದರ ನರಗಳು ಜಾಸ್ತಿ ಸೂಕ್ಷ್ಮವಾಗಿರುತ್ತವೆ. ನಿದ್ದೆಗೆಟ್ಟಾಗ, ಮನಸ್ಸಿಗೆ ಒತ್ತಡ ಇದ್ದಾಗ ಇದು ಹೆಚ್ಚುತ್ತದೆ.

ಜಠರದ ಆಮ್ಲ ಮೇಲಕ್ಕೆ ಅನ್ನನಾಳಕ್ಕೆ ನುಗ್ಗಿದರೆ ಎದೆ ಉರಿಯುತ್ತದೆ, ಬಾಯಿಗೆ ಹುಳಿ ಬರುತ್ತದೆ. ತಡರಾತ್ರಿ ಉಂಡು ಹಾಗೇ ಮಲಗುವವರಿಗೆ ಇದು ಜಾಸ್ತಿ.

ಹುಣ್ಣು ಎಂದರೆ ಇದಕ್ಕಿಂತ ಗಂಭೀರ. ಜಠರದ ಅಥವಾ ಅದರ ಮುಂದಿನ ಸಣ್ಣಕರುಳಿನ ಒಳಪದರ ಕಿತ್ತುಹೋಗಿ ಗಾಯವಾಗಿರುತ್ತದೆ. ನಮ್ಮ ಕಡೆ ಇದಕ್ಕೆ ಮೊದಲು ಬೈಸಿಕೊಳ್ಳುವುದು ಕೆಂಪು ಖಾರ, ರಂಜಕ, ಮಿರ್ಚಿ ಭಜಿ. ಖಾರದಿಂದ ಹುಣ್ಣು ಆಗುವುದಿಲ್ಲ. ಆದ ಹುಣ್ಣಿಗೆ ಖಾರ ತಾಗಿದರೆ ಉರಿ ಹೆಚ್ಚಬಹುದು, ಅಷ್ಟೇ. ಹುಣ್ಣಿಗೆ ದೊಡ್ಡ ಕಾರಣಗಳು ಎರಡು.

ಒಂದು, ಹೆಲಿಕೋಬ್ಯಾಕ್ಟರ್ ಪೈಲೋರಿ ಎಂಬ ಬ್ಯಾಕ್ಟೀರಿಯಾ. ಆಮ್ಲದಲ್ಲಿ ಯಾವ ಸೂಕ್ಷ್ಮಜೀವಿಯೂ ಬದುಕಲಾರದು, ಹುಣ್ಣು ಬರುವುದು ಚಿಂತೆಯಿಂದ ಎಂದೇ ವೈದ್ಯರೂ ಬಹಳ ಕಾಲ ನಂಬಿದ್ದರು. ಆಸ್ಟ್ರೇಲಿಯಾದ ಪರ್ತ್ ನಗರದ ರಾಬಿನ್ ವಾರನ್ ಮತ್ತು ಬ್ಯಾರಿ ಮಾರ್ಷಲ್ 1982ರಲ್ಲಿ ಈ ಬ್ಯಾಕ್ಟೀರಿಯಾವನ್ನು ಬೆಳೆಸಿ ತೋರಿಸಿದರು. ಯಾರೂ ಒಪ್ಪಲಿಲ್ಲ. 1984ರಲ್ಲಿ ಮಾರ್ಷಲ್ ಅದನ್ನು ತಾವೇ ಕುಡಿದು, ಜಠರದ ಉರಿಯೂತ ಬರಿಸಿಕೊಂಡು ಸಾಬೀತು ಮಾಡಿದರು. 2005ರಲ್ಲಿ ಇಬ್ಬರಿಗೂ ನೊಬೆಲ್ ಬಂತು. ನಮ್ಮ ದೇಶದಲ್ಲಿ ದೊಡ್ಡವರಲ್ಲಿ ಅರ್ಧಕ್ಕಿಂತ ಜಾಸ್ತಿ ಜನರ ಹೊಟ್ಟೆಯಲ್ಲಿ ಈ ಬ್ಯಾಕ್ಟೀರಿಯಾ ಇದೆ. ಬಹುಪಾಲು ಜನರಿಗೆ ತೊಂದರೆ ಕೊಡುವುದಿಲ್ಲ. ಹುಣ್ಣು ಮಾಡಿದರೆ ಎರಡು ಬಗೆಯ ಆಂಟಿಬಯೋಟಿಕ್ ಮತ್ತು ಆಮ್ಲ ತಗ್ಗಿಸುವ ಮಾತ್ರೆಯನ್ನು ಸಾಮಾನ್ಯವಾಗಿ 14 ದಿನ ಬಿಡದೆ ತೆಗೆದುಕೊಳ್ಳಬೇಕು. ನಾಲ್ಕು ದಿನಕ್ಕೆ ಉರಿ ನಿಂತಿತು ಎಂದು ಬಿಟ್ಟರೆ ಬ್ಯಾಕ್ಟೀರಿಯಾ ಉಳಿಯುತ್ತದೆ, ಮುಂದಿನ ಸಲ ಅದೇ ಔಷಧಿಗೆ ಬಗ್ಗುವುದಿಲ್ಲ.

ಎರಡನೆಯ ಕಾರಣ ನೋವಿನ ಮಾತ್ರೆ. ಇದನ್ನು ನಮ್ಮ ಜಿಲ್ಲೆಗಳವರು ಬಿಡಿಸಿ ತಿಳಿಯಲೇಬೇಕು. ಇಳಕಲ್ಲು, ಗುಳೇದಗುಡ್ಡ, ರಬಕವಿ-ಬನಹಟ್ಟಿಯ ನೇಕಾರರು ದಿನವಿಡೀ ಮಗ್ಗದ ಮುಂದೆ ಕೂತು ಸೊಂಟ ನೋಯಿಸಿಕೊಳ್ಳುತ್ತಾರೆ. ಮುಧೋಳ, ಜಮಖಂಡಿ, ಅಥಣಿ ಕಡೆ ಕಬ್ಬು ಕಡಿಯುವವರಿಗೆ ಮೈಕೈ ನೋವು ತಪ್ಪಿದ್ದಲ್ಲ. ಮೊಣಕಾಲು ನೋವಿಲ್ಲದ ಅಜ್ಜಿಯರು ಎಷ್ಟು ಮನೆಯಲ್ಲಿದ್ದಾರೆ? ಇವರೆಲ್ಲ ಔಷಧಿ ಅಂಗಡಿಯಲ್ಲಿ ಕೇಳಿ ತರುವ ಡೈಕ್ಲೊಫೆನಾಕ್, ಐಬುಪ್ರೊಫೇನ್, ಅಸಿಕ್ಲೊಫೆನಾಕ್ ಮಾತ್ರೆಗಳು ನೋವು ಹುಟ್ಟಿಸುವ ರಾಸಾಯನಿಕವನ್ನು ತಡೆಯುತ್ತವೆ. ಅದೇ ಬಗೆಯ ರಾಸಾಯನಿಕವೇ ಜಠರದ ಒಳಪದರವನ್ನು ಆಮ್ಲದಿಂದ ಕಾಯುವುದು. ನೋವು ನಿಲ್ಲುತ್ತದೆ, ಜಠರದ ಕಾವಲೂ ಹೋಗುತ್ತದೆ.

ಮಾತ್ರೆ ಬೇಡ, ಇಂಜೆಕ್ಷನ್ ಹಾಕಿ, ಆಗ ಹೊಟ್ಟೆಗೆ ಏನೂ ಆಗುವುದಿಲ್ಲ ಎನ್ನುವವರಿದ್ದಾರೆ. ಅದು ತಪ್ಪು. ಔಷಧಿ ರಕ್ತಕ್ಕೆ ಸೇರಿ ಈ ಕೆಲಸ ಮಾಡುತ್ತದೆ, ಹಾಗಾಗಿ ಇಂಜೆಕ್ಷನ್‌ನಿಂದಲೂ ಹುಣ್ಣಾಗುತ್ತದೆ. ಊಟವಾದ ಮೇಲೆ ತೆಗೆದುಕೊಂಡರೂ ಅಪಾಯ ಪೂರ್ತಿ ಹೋಗುವುದಿಲ್ಲ. 60 ದಾಟಿದವರು, ಮೊದಲೇ ಹುಣ್ಣು ಇದ್ದವರು, ಸ್ಟಿರಾಯ್ಡ್ ಅಥವಾ ರಕ್ತ ತೆಳುವಾಗಿಸುವ ಮಾತ್ರೆ ನುಂಗುವವರು ಇನ್ನೂ ಹುಷಾರಾಗಿರಬೇಕು. ವಯಸ್ಸಾದವರಲ್ಲಿ ಕೆಲವೊಮ್ಮೆ ಹುಣ್ಣು ನೋಯುವುದೇ ಇಲ್ಲ. ಡಾಂಬರಿನಂತೆ ಕಪ್ಪಗೆ, ಅಂಟಂಟಾಗಿ, ಕೆಟ್ಟ ವಾಸನೆಯ ಮಲ ಹೋದಾಗಲೇ ಒಳಗೆ ರಕ್ತ ಸೋರುತ್ತಿದೆ ಎಂದು ಗೊತ್ತಾಗುತ್ತದೆ. ಕಬ್ಬಿಣಾಂಶದ ಮಾತ್ರೆಯಿಂದಲೂ ಮಲ ಕಪ್ಪಾಗುತ್ತದೆ, ಆದರೆ ಅದು ಹೀಗೆ ಅಂಟುವುದಿಲ್ಲ. ಅನುಮಾನ ಇದ್ದರೆ ತೋರಿಸಿಬಿಡಿ.

ಪಿತ್ತಕೋಶದ ಕಲ್ಲು

ನಮ್ಮ ಮಾತಿನಲ್ಲಿ ತಲೆ ಸುತ್ತಿದರೂ, ವಾಂತಿಯಾದರೂ ಪಿತ್ತ ಎನ್ನುತ್ತೇವೆ. ಇಲ್ಲಿ ಹೇಳುತ್ತಿರುವುದು ಲಿವರ್ ತಯಾರಿಸುವ ಹಳದಿ-ಹಸಿರು ರಸದ ಬಗ್ಗೆ. ದಿನಕ್ಕೆ ಅರ್ಧದಿಂದ ಒಂದು ಲೀಟರ್‌ವರೆಗೆ ಈ ರಸ ತಯಾರಾಗುತ್ತದೆ. ಎಣ್ಣೆ, ತುಪ್ಪ, ಶೇಂಗಾದಂಥ ಕೊಬ್ಬನ್ನು ಅರಗಿಸಲು ಅದು ಬೇಕು. ಪಿತ್ತಕೋಶ ಅದನ್ನು ಗಟ್ಟಿ ಮಾಡಿ ಕೂಡಿಟ್ಟುಕೊಂಡು, ಕೊಬ್ಬಿನ ಊಟ ಬಂದಾಗ ಹಿಂಡಿ ಹೊರಗೆ ಬಿಡುತ್ತದೆ. ರಸದಲ್ಲಿ ಕೊಲೆಸ್ಟರಾಲ್ ಜಾಸ್ತಿಯಾದರೆ ಹರಳುಗಟ್ಟಿ ಕಲ್ಲಾಗುತ್ತದೆ. ಹೆಂಗಸರಲ್ಲಿ, 40 ದಾಟಿದವರಲ್ಲಿ, ಮೈ ತೂಕ ಜಾಸ್ತಿ ಇರುವವರಲ್ಲಿ, ಬಸುರಿಯರಲ್ಲಿ, ಉಪವಾಸ ಮಾಡಿ ಗಡಿಬಿಡಿಯಲ್ಲಿ ತೂಕ ಇಳಿಸಿದವರಲ್ಲಿ ಇದು ಹೆಚ್ಚು.

ತಿಕೋಟಾ ಕಡೆಯ ದ್ರಾಕ್ಷಿ ತೋಟದಲ್ಲಿ ಡ್ರಿಪ್ ಹಾಕಿದವರಿಗೆ ಇದು ಬೇಗ ತಿಳಿಯುತ್ತದೆ. ಪೈಪಿನೊಳಗೆ ಮರಳಿನ ಹರಳು ಸುಮ್ಮನೆ ಬಿದ್ದಿರುವಷ್ಟು ದಿನ ಏನೂ ಗೊತ್ತಾಗುವುದಿಲ್ಲ. ಮೋಟಾರ್ ಚಾಲೂ ಮಾಡಿದಾಗ ಅದು ಬಂದು ತೂತಿಗೆ ಸಿಕ್ಕಿಕೊಂಡರೆ ಹಿಂದೆ ಒತ್ತಡ ಏರುತ್ತದೆ. ಪಿತ್ತಕೋಶದಲ್ಲಿ ಆಗುವುದೂ ಹೀಗೇ. ಮದುವೆ ಊಟ, ಎಳ್ಳ ಅಮಾವಾಸ್ಯೆಯ ಚರಗದ ಊಟ ಆದ ಒಂದೆರಡು ತಾಸಿಗೆ, ಅಥವಾ ನಡುರಾತ್ರಿ, ಬಲಗಡೆ ಪಕ್ಕೆಲುಬಿನ ಕೆಳಗೆ ಇಲ್ಲವೇ ನಟ್ಟನಡುವೆ ಗಟ್ಟಿ ನೋವು ಏರುತ್ತದೆ. ಬಲ ಹೆಗಲಿಗೆ, ಬೆನ್ನಿಗೆ ಹರಿಯುತ್ತದೆ. ವಾಂತಿ ಬರುತ್ತದೆ. ಅರ್ಧ ತಾಸಿನಿಂದ ಕೆಲವು ತಾಸು ಇದ್ದು, ಕಲ್ಲು ಜಾರಿದ ಕೂಡಲೇ ಮಾಯವಾಗುತ್ತದೆ. ಅಷ್ಟರಲ್ಲಿ ಕುಡಿದ ಸೋಡಾಕ್ಕೆ ಆ ಹೆಸರು ಹೋಗುತ್ತದೆ! ಹೀಗೆ ವರ್ಷಗಟ್ಟಲೆ ಗ್ಯಾಸ್ ಎಂದೇ ತಿಳಿದು ನಡೆದವರು ಬಹಳ ಜನ.

ಇಲ್ಲಿ ಇನ್ನೊಂದು ಗೊಂದಲ ಇದೆ. ಕಲ್ಲು ಎಂದ ಕೂಡಲೇ ಬಾಳೆದಿಂಡಿನ ರಸ ಕುಡಿಯಿರಿ, ನೀರು ಜಾಸ್ತಿ ಕುಡಿಯಿರಿ ಎನ್ನುತ್ತಾರೆ. ನೀರು ಕುಡಿಯುವ ಮಾತು ಮೂತ್ರಪಿಂಡದ ಕಲ್ಲಿಗೆ ಸಂಬಂಧಿಸಿದ್ದು. ಆ ಕಲ್ಲು ಮೂತ್ರದ ದಾರಿಯಲ್ಲಿ ಇರುತ್ತದೆ. ಪಿತ್ತಕೋಶದ ಕಲ್ಲು ಬೇರೆ ದಾರಿಯದು, ಎಷ್ಟು ನೀರು ಕುಡಿದರೂ ಅದು ಮೂತ್ರದಲ್ಲಿ ಬರುವುದಿಲ್ಲ.

ಸ್ಕ್ಯಾನಿಂಗ್‌ನಲ್ಲಿ ಕಲ್ಲು ಕಂಡವರೆಲ್ಲ ಆಪರೇಷನ್ ಮಾಡಿಸಬೇಕಿಲ್ಲ. ನೋವೇ ಇಲ್ಲದವರಲ್ಲಿ ಸಾಮಾನ್ಯವಾಗಿ ಹಾಗೇ ಬಿಡುತ್ತಾರೆ. ನೋವು ಮರುಕಳಿಸುತ್ತಿದ್ದರೆ ಸಣ್ಣ ತೂತುಗಳ ಮೂಲಕ ಪಿತ್ತಕೋಶವನ್ನೇ ತೆಗೆಯುವುದು ರೂಢಿ. ಕಲ್ಲು ಮಾತ್ರ ತೆಗೆದರೆ ಸಾಲದೇ ಎಂದು ಬಹಳ ಜನ ಕೇಳುತ್ತಾರೆ. ಚೀಲ ಉಳಿದರೆ ಅದರಲ್ಲಿ ಮತ್ತೆ ಕಲ್ಲು ಬೆಳೆಯುತ್ತದೆ. ಚೀಲ ಇಲ್ಲದಿದ್ದರೂ ಲಿವರ್ ರಸ ತಯಾರಿಸುತ್ತಲೇ ಇರುತ್ತದೆ, ಅದು ನೇರವಾಗಿ ಕರುಳಿಗೆ ಹೋಗುತ್ತದೆ. ಊಟಕ್ಕೆ ಅಡ್ಡಿಯಿಲ್ಲ.

ನೋವಿನ ಜೊತೆ ಚಳಿಜ್ವರ, ಕಣ್ಣು ಹಳದಿ, ಮೂತ್ರ ಗಾಢ ಬಣ್ಣ ಆದರೆ ಕಲ್ಲು ಜಾರಿ ಮುಖ್ಯ ನಾಳದಲ್ಲಿ ಸಿಕ್ಕಿ ಅಲ್ಲಿ ಸೋಂಕು ಆಗಿರಬಹುದು. ಅವತ್ತೇ ಆಸ್ಪತ್ರೆಗೆ ಹೋಗಬೇಕು.

ಬೆನ್ನಿಗೆ ಹೊಡೆಯುವ ನೋವು

ಪ್ಯಾಂಕ್ರಿಯಾಸ್ ಇನ್ಸುಲಿನ್ ತಯಾರಿಸುತ್ತದೆ, ಅನ್ನ ಅರಗಿಸುವ ಪ್ರಬಲ ರಸಗಳನ್ನೂ ತಯಾರಿಸುತ್ತದೆ. ಆ ರಸಗಳು ಕರುಳಿಗೆ ಹೋಗುವ ಮುಂಚೆಯೇ ಕೆಲಸ ಶುರು ಮಾಡಿದರೆ ಪ್ಯಾಂಕ್ರಿಯಾಸನ್ನೇ ಅರಗಿಸತೊಡಗುತ್ತವೆ. ಎದೆಗುಳಿಯಲ್ಲಿ ಶುರುವಾದ ನೋವು ನೇರ ಬೆನ್ನಿಗೆ ಹೋಗುತ್ತದೆ. ಅಂಗಾತ ಮಲಗಿದರೆ ಹೆಚ್ಚು, ಮುಂದಕ್ಕೆ ಬಾಗಿ ಕೂತರೆ ಸ್ವಲ್ಪ ಕಡಿಮೆ. ವಾಂತಿ ನಿಲ್ಲುವುದಿಲ್ಲ. ಮುಖ್ಯ ಕಾರಣಗಳು ಎರಡು: ಪಿತ್ತಕೋಶದಿಂದ ಜಾರಿದ ಕಲ್ಲು ಮತ್ತು ಸಾರಾಯಿ. ಇದಕ್ಕೆ ಮನೆಮದ್ದು ಇಲ್ಲ. ದಾಖಲಾಗಿ ಸಲೈನ್ ಹಾಕಿಸಿಕೊಳ್ಳಲೇಬೇಕು. ಒಮ್ಮೆ ಬಂದು ಹೋದವರು ಕುಡಿತವನ್ನು ಪೂರ್ತಿ ಬಿಡಬೇಕು. ಸ್ವಲ್ಪ ಕಡಿಮೆ ಮಾಡಿದ್ದೇನೆ ಎಂದರೆ ಸಾಲದು.

ಲಿವರ್ ಮತ್ತು ಉಳಿದವು

ಕೊಳಚೆ ಸೇರಿದ ನೀರಿನಿಂದ ಬರುವ ಹೆಪಟೈಟಿಸ್ ಎ ಮತ್ತು ಇ ಸೋಂಕಿನಲ್ಲಿ ಬಲಗಡೆ ಮೇಲ್ಹೊಟ್ಟೆ ಭಾರವಾಗಿ ನೋಯುತ್ತದೆ. ಊಟ ಸೇರುವುದಿಲ್ಲ, ಕೆಲವು ದಿನಕ್ಕೆ ಕಾಮಣಿ ಕಾಣಿಸುತ್ತದೆ. ಕಾಮಣಿಗೆ ಬರೆ ಹಾಕಿಸುವುದು ಇನ್ನೂ ಪೂರ್ತಿ ನಿಂತಿಲ್ಲ. ದಯವಿಟ್ಟು ಮಕ್ಕಳಿಗೆ ಅದನ್ನು ಮಾಡಬೇಡಿ. ಸುಟ್ಟ ಗಾಯ ಹೊಸ ಸೋಂಕಿಗೆ ದಾರಿ, ಲಿವರ್‌ಗೆ ಅದರಿಂದ ಏನೂ ಆಗುವುದಿಲ್ಲ. ಬಸುರಿಯರಲ್ಲಿ ಹೆಪಟೈಟಿಸ್ ಇ ಬಹಳ ಅಪಾಯಕಾರಿ. ಬಲಗಡೆ ನೋವಿನ ಜೊತೆ ದಿನಗಟ್ಟಲೆ ಜ್ವರ ಇದ್ದರೆ ಲಿವರ್‌ನಲ್ಲಿ ಕೀವು ತುಂಬಿರಬಹುದು. ಕುಡಿಯುವ ಗಂಡಸರಲ್ಲಿ ಇದು ಹೆಚ್ಚು.

ಒಂದೇ ಪಕ್ಕದಲ್ಲಿ ಪಟ್ಟಿಯ ಹಾಗೆ ಉರಿದು, ಎರಡು ಮೂರು ದಿನಕ್ಕೆ ಅಲ್ಲಿ ನೀರುಗುಳ್ಳೆ ಎದ್ದರೆ ಅದು ಸರ್ಪಸುತ್ತು. ಗುಳ್ಳೆ ಎದ್ದ 72 ಗಂಟೆಯೊಳಗೆ ಔಷಧಿ ಶುರುವಾದರೆ ಒಳ್ಳೆಯದು. ಶ್ವಾಸಕೋಶದ ಕೆಳಭಾಗದ ನ್ಯುಮೋನಿಯಾ, ಮೂತ್ರಪಿಂಡದ ಕಲ್ಲು ಕೂಡ ಮೇಲ್ಹೊಟ್ಟೆ ನೋವಾಗಿ ಕಾಣಬಹುದು.

ಹೃದಯದ ನೋವು ಹೊಟ್ಟೆಯಲ್ಲಿ

ಹೃದಯದ ತಳಭಾಗಕ್ಕೆ ರಕ್ತ ಹರಿಯುವುದು ನಿಂತಾಗ ಎದೆ ನೋಯಲೇಬೇಕೆಂದಿಲ್ಲ. ಎದೆಗುಳಿಯಲ್ಲಿ ಒತ್ತಿದ ಹಾಗೆ, ಹಿಂಡಿದ ಹಾಗೆ ಆಗುತ್ತದೆ, ವಾಕರಿಕೆ ಬರುತ್ತದೆ, ತೇಗು ಕೂಡ ಬರಬಹುದು. ಸಕ್ಕರೆ ಕಾಯಿಲೆ ಇರುವವರಲ್ಲಿ, ಹೆಂಗಸರಲ್ಲಿ, ವಯಸ್ಸಾದವರಲ್ಲಿ ಹೀಗಾಗುವುದು ಜಾಸ್ತಿ. ತಣ್ಣನೆಯ ಬೆವರು, ಉಸಿರು ಕಟ್ಟುವುದು, ದವಡೆ, ಕುತ್ತಿಗೆ, ತೋಳಿಗೆ ಹರಿಯುವ ನೋವು, ಮೆಟ್ಟಿಲು ಹತ್ತಿದರೆ ಶುರುವಾಗಿ ಕೂತರೆ ಹೋಗುವ ನೋವು, ಇವು ಹೃದಯದ ಕಡೆ ಬೆರಳು ತೋರಿಸುತ್ತವೆ. ಆಮ್ಲದ ಔಷಧಿ ಕುಡಿದು ಕಡಿಮೆಯಾಯಿತು ಎಂದರೆ ಹೃದಯದ್ದಲ್ಲ ಎಂದು ಅರ್ಥವಲ್ಲ.

ಇಂಥ ಹೊತ್ತಿನಲ್ಲಿ ಬೈಕಿನ ಹಿಂದೆ ಕೂರಿಸಿಕೊಂಡು ಊರೂರು ತಿರುಗಬೇಡಿ. 108ಕ್ಕೆ ಕರೆ ಮಾಡಿ. ರಾಜ್ಯದಲ್ಲಿ 2023ರಲ್ಲಿ ಶುರುವಾದ ಪುನೀತ್ ರಾಜ್‌ಕುಮಾರ್ ಹೃದಯ ಜ್ಯೋತಿ ಯೋಜನೆಯಡಿ ಅನೇಕ ತಾಲ್ಲೂಕು ಆಸ್ಪತ್ರೆಗಳಲ್ಲೇ ಇಸಿಜಿ ತೆಗೆದು ಹೃದ್ರೋಗ ತಜ್ಞರಿಗೆ ಕಳಿಸುತ್ತಾರೆ. ಬೇಕಾದವರಿಗೆ ಹೆಪ್ಪು ಕರಗಿಸುವ ಟೆನೆಕ್ಟೆಪ್ಲೇಸ್ ಇಂಜೆಕ್ಷನ್ ಅಲ್ಲೇ ಉಚಿತವಾಗಿ ಕೊಡುವ ವ್ಯವಸ್ಥೆ ಇದೆ. ಮೊದಲ ಇಸಿಜಿ ಚೆನ್ನಾಗಿ ಬಂದರೂ ಡಾಕ್ಟರು ಸ್ವಲ್ಪ ಹೊತ್ತು ಇರಿ ಎಂದರೆ ಇರಿ. ಬದಲಾವಣೆ ತಡವಾಗಿ ಕಾಣಿಸುವುದುಂಟು. ಆಸ್ಪಿರಿನ್ ಅಗಿಯಿರಿ ಎಂದು ಮೊಬೈಲ್‌ನಲ್ಲಿ ಬಂದದ್ದನ್ನು ನೋಡಿ ನೀವೇ ನುಂಗಬೇಡಿ. ನೋವು ಹುಣ್ಣಿನದಾಗಿದ್ದರೆ ಅದೇ ರಕ್ತ ಸೋರಿಸುತ್ತದೆ.

ಯಾವಾಗ ಕಾಯಬಾರದು?

ಹೃದಯದ ಲಕ್ಷಣಗಳನ್ನು ಆಗಲೇ ಹೇಳಿದೆ. ಚಾಕು ಹಾಕಿದಂತೆ ಒಮ್ಮೆಲೇ ಬಂದ ನೋವು, ಹೊಟ್ಟೆ ಹಲಗೆಯಂತೆ ಬಿಗಿಯಾಗುವುದು ಎಂದರೆ ಹುಣ್ಣು ತೂತಾಗಿರಬಹುದು. ರಕ್ತ ಅಥವಾ ಕಾಫಿಪುಡಿಯಂಥ ವಾಂತಿ, ಕಪ್ಪು ಅಂಟು ಮಲ, ತಲೆ ತಿರುಗಿ ಬೀಳುವುದು, ನಿಲ್ಲದ ವಾಂತಿ, ಜ್ವರದ ಜೊತೆ ಹಳದಿ ಕಣ್ಣು, ಇದರಲ್ಲಿ ಯಾವುದಿದ್ದರೂ ಬೆಳಗಾಗಲಿ ಎಂದು ಕಾಯಬೇಡಿ. ಐದು ತಿಂಗಳು ತುಂಬಿದ ಬಸುರಿಗೆ ಬಲಗಡೆ ಮೇಲ್ಹೊಟ್ಟೆ ನೋವಿನ ಜೊತೆ ತಲೆನೋವು, ಕಣ್ಣು ಮಂಜಾಗುವುದು, ಮುಖ ಕೈ ಬಾವು ಇದ್ದರೆ ಬಿಪಿ ಏರಿರಬಹುದು. ತಾಯಿ ಮಗು ಇಬ್ಬರಿಗೂ ಅಪಾಯ.

ಅವಸರವಿಲ್ಲ, ಆದರೆ ಮುಂದೂಡಲೂಬಾರದು ಎಂಬ ಗುಂಪೂ ಇದೆ. ತೂಕ ಇಳಿಯುತ್ತಿದ್ದರೆ, ರೊಟ್ಟಿ ನುಂಗಲು ತೊಡಕಾಗುತ್ತಿದ್ದರೆ, ರಕ್ತ ಕಡಿಮೆ ಎಂದು ಬಂದಿದ್ದರೆ, 55 ದಾಟಿದ ಮೇಲೆ ಹೊಸದಾಗಿ ಅಜೀರ್ಣ ಶುರುವಾಗಿದ್ದರೆ ಎಂಡೋಸ್ಕೋಪಿ ಮಾಡಿಸಬೇಕು. ಕ್ಯಾನ್ಸರ್ ಇಲ್ಲ ಎಂದು ಖಚಿತ ಮಾಡಿಕೊಳ್ಳಲು.

ಮನೆಯಲ್ಲಿ ಏನು ಮಾಡಬಹುದು?

ಸಣ್ಣ ಉರಿ, ಉಬ್ಬರಕ್ಕೆ ಒಂದೆರಡು ದಿನ ಮನೆಯಲ್ಲೇ ನೋಡಿಕೊಳ್ಳಬಹುದು. ಊಟ ಕಡಿಮೆ ಮಾಡಿ, ಮೆತ್ತಗಿರಲಿ: ಗಂಜಿ, ಮಜ್ಜಿಗೆ ಅನ್ನ, ಬಿಸಿ ರೊಟ್ಟಿ ಜೊತೆ ಬೇಳೆ. ಕರಿದದ್ದು, ಖಾಲಿ ಹೊಟ್ಟೆಯ ಚಹಾ, ಬೀಡಿ, ಗುಟ್ಕಾ, ಕುಡಿತ ಬಿಡಿ. ಉಂಡ ಮೇಲೆ ಎರಡು ಮೂರು ತಾಸು ಮಲಗಬೇಡಿ. ಆಮ್ಲ ಮೇಲೆ ಬರುವವರು ಮಂಚದ ತಲೆಯ ಕಡೆ ಕಾಲಿಗೆ ಇಟ್ಟಿಗೆ ಕೊಟ್ಟು ಎತ್ತರಿಸಿ, ಎಡಮಗ್ಗುಲಿಗೆ ಮಲಗಿ. ಬರೀ ದಿಂಬು ಏರಿಸಿದರೆ ಹೊಟ್ಟೆ ಮಡಚಿ ಒತ್ತಡ ಇನ್ನೂ ಜಾಸ್ತಿಯಾಗುತ್ತದೆ.

ಅಜವಾನ ಅಗಿದರೆ ಹಾಯೆನಿಸಿದರೆ ಅಗಿಯಿರಿ, ತೊಂದರೆಯಿಲ್ಲ. ನೀರಿಗೆ ಹಾಕಿ ಕುಡಿಯುವ ಸೋಡಾ ಪುಡಿಯಲ್ಲಿ ಸೋಡಿಯಂ ಬಹಳ ಇರುತ್ತದೆ. ಬಿಪಿ, ಹೃದಯ, ಮೂತ್ರಪಿಂಡದ ಕಾಯಿಲೆ ಇದ್ದವರಿಗೆ ಅದು ಒಳ್ಳೆಯದಲ್ಲ. ಪ್ಯಾಂಟೊಪ್ರಜೋಲ್, ಒಮೆಪ್ರಜೋಲ್ ಮಾತ್ರೆಗಳು ಕೆಲಸ ಮಾಡುವುದು ಬೆಳಗಿನ ತಿಂಡಿಗೆ ಅರ್ಧ ತಾಸು ಮುಂಚೆ ತೆಗೆದುಕೊಂಡಾಗ. ಎರಡು ವಾರ ತೆಗೆದುಕೊಂಡೂ ನೋವು ಹೋಗದಿದ್ದರೆ, ಬಿಟ್ಟ ಕೂಡಲೇ ಮತ್ತೆ ಬಂದರೆ ಅಂಗಡಿಯಲ್ಲಿ ಇನ್ನೊಂದು ಪಟ್ಟಿ ಕೊಳ್ಳುವ ಬದಲು ಡಾಕ್ಟರ ಹತ್ತಿರ ಹೋಗಿ. ಈ ನೋವಿಗೆ ಡೈಕ್ಲೊಫೆನಾಕ್ ಜಾತಿಯ ಮಾತ್ರೆ ಬೇಡ. ಬಟ್ಟಿ ಬಿದ್ದಿದೆ ಎಂದು ಹೊಟ್ಟೆ ತಿಕ್ಕಿಸುವುದೂ ಬೇಡ. ಒಳಗೆ ಬಾವು, ಕೀವು ಇದ್ದರೆ ತಿಕ್ಕುವುದರಿಂದ ಕೆಡುತ್ತದೆ.

ಡಾಕ್ಟರ ಹತ್ತಿರ ಹೋಗುವಾಗ

ಗ್ಯಾಸ್ ಆಗಿದೆ ಎಂದು ಹೇಳಬೇಡಿ. ನೋವು ಎಲ್ಲಿ ಶುರುವಾಗಿ ಎಲ್ಲಿಗೆ ಹೋಗುತ್ತದೆ, ಊಟಕ್ಕೆ ಮುಂಚೆಯೋ ಆಮೇಲೋ, ಎಷ್ಟು ಹೊತ್ತು ಇರುತ್ತದೆ ಎಂದು ಹೇಳಿ. ನುಂಗುತ್ತಿರುವ ಎಲ್ಲ ಮಾತ್ರೆಗಳ ಪಟ್ಟಿಯನ್ನೂ ಒಯ್ಯಿರಿ, ಮೊಣಕಾಲಿನದೂ ಸೇರಿ. ಕುಡಿತದ ವಿಷಯ ಮುಚ್ಚಿಡಬೇಡಿ. ಪೈಲೋರಿಗೆ ಉಸಿರಿನ ಅಥವಾ ಮಲದ ಪರೀಕ್ಷೆ ಬರೆದುಕೊಟ್ಟರೆ ಆಮ್ಲದ ಮಾತ್ರೆಯನ್ನು ಎರಡು ವಾರ ನಿಲ್ಲಿಸಬೇಕಾಗುತ್ತದೆ. ಇಲ್ಲದಿದ್ದರೆ ಬ್ಯಾಕ್ಟೀರಿಯಾ ಇದ್ದರೂ ಇಲ್ಲ ಎಂದು ಬರುತ್ತದೆ. ನಿಲ್ಲಿಸಬಹುದೇ ಎಂದು ಮೊದಲು ಡಾಕ್ಟರನ್ನು ಕೇಳಿ.

ಹೊಟ್ಟೆಯ ಸ್ಕ್ಯಾನಿಂಗ್‌ಗೆ ಆರರಿಂದ ಎಂಟು ತಾಸು ಏನೂ ತಿನ್ನದೆ ಹೋಗಬೇಕು. ಬಸ್‌ಸ್ಟ್ಯಾಂಡಿನಲ್ಲಿ ಇಳಿದು ಒಂದು ಕಪ್ ಚಹಾ ಕುಡಿದರೂ ಅದರಲ್ಲಿನ ಹಾಲಿಗೆ ಪಿತ್ತಕೋಶ ಮುದುಡಿಕೊಳ್ಳಬಹುದು, ಆಗ ಒಳಗಿನ ಕಲ್ಲು ಸರಿಯಾಗಿ ಕಾಣುವುದಿಲ್ಲ. ಸಕ್ಕರೆ ಕಾಯಿಲೆಯವರು ಅವತ್ತಿನ ಮಾತ್ರೆ, ಇನ್ಸುಲಿನ್ ಹೇಗೆ ತೆಗೆದುಕೊಳ್ಳಬೇಕೆಂದು ಹಿಂದಿನ ದಿನವೇ ಕೇಳಿ, ಬೆಳಗಿನ ಮೊದಲ ಸರದಿಗೆ ಹೆಸರು ಬರೆಸಿ.